ಎಣಿಕೆಯೋ, ತೂಕವೋ?

ವಿದ್ವಾಂಸನ ಯೋಗ್ಯತೆಯನ್ನು ಅವನ ಲೇಖನಗಳ ಸಂಖ್ಯೆಯಿಂದ ಅಳೆಯುವ ರೂಢಿಯು ನಮ್ಮ ವಿದ್ಯಾಪೀಠಗಳಲ್ಲಿ ಬೇರೂರಿರುವದು. 2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕರ ಬಡತಿಗೆ ಅಂಕಪದ್ಧತಿಯನ್ನು ತಂದ ಮೇಲೆ ಈ ಎಣಿಕೆಯು ಮತ್ತಷ್ಟು ಬಿರುಸಾಯಿತು. ಇದರ ಯುಕ್ತಾಯುಕ್ತತೆಯನ್ನು ತಿಳಿಯಲು ಅಮೇರಿಕದ ಜೆ. ಸಿ. ಆರ್. ಲಿಕ್ಲೈಡರ್ ಅವರ ಬರಹಗಳತ್ತ ವಾಚಕರ ಲಕ್ಷ್ಯವನ್ನು ಸೆಳೆಯಬಯಸುವೆವು.

1915ರಲ್ಲಿ ಜನಿಸಿದ ಇವರು ಮೂಲತಃ ಮನಃಶಾಸ್ತ್ರಜ್ಞರು. ತಮ್ಮ ಕೆಲಸದ ವೇಳೆಯನ್ನು ತಾವೇ ಲೆಕ್ಕವಿಟ್ಟು ನೋಡಲು, ವಿಚಾರಕ್ಕೆಂದು ಮೀಸಲಿಟ್ಟ ಸಮಯದಲ್ಲಿ ನೂರಕ್ಕೆ 85 ಪಾಲು ಅಂಕಿಗಳನ್ನು ಹುಡುಕುವದು, ಲೆಕ್ಕ ಮಾಡುವದು, ನಕ್ಷೆ ಎಳೆಯುವದು ಮುಂತಾದ ಸಿದ್ಧತೆಯಲ್ಲಿಯೇ ಕಳೆಯುತ್ತಿದ್ದುದು ಕಂಡುಬಂದಿತು. ಈ ಗುಮಾಸ್ತಗಿರಿಯನ್ನು ಯಂತ್ರಕ್ಕೆ ಒಪ್ಪಿಸಿ, ಗುರಿಯನ್ನು ಗೊತ್ತುಮಾಡುವದನ್ನೂ ಗುಣದೋಷಗಳನ್ನು ನಿರ್ಣಯಿಸುವದನ್ನೂ ಮನುಷ್ಯನು ಉಳಿಸಿಕೊಳ್ಳಬೇಕೆಂದು 1960ರಲ್ಲಿ ‘ಮನುಷ್ಯ-ಗಣಕಯಂತ್ರಗಳ ಸಹಜೀವನ’ವೆಂಬ ಲೇಖನದಲ್ಲಿ ಪ್ರತಿಪಾದಿಸಿದರು. ಅದರ ವಿಸ್ತಾರ ಎಂಟೇ ಪುಟ.

1962ರಲ್ಲಿ ರಕ್ಷಣಾ ಇಲಾಖೆಯ ‘ಆರ್ಪಾ’ ಸಂಸ್ಥೆಯಲ್ಲಿ ಅಧಿಕಾರ ವಹಿಸಿಕೊಂಡು, ಕೃತಕ ಬುದ್ಧಿಯ ಸಂಶೋಧನೆಗೂ, ಒಂದೇ ಗಣಕಯಂತ್ರವನ್ನು ಅನೇಕರು ಏಕಕಾಲಕ್ಕೆ ಬಳಸುವ ವ್ಯವಸ್ಥೆಗೂ ಧನಸಹಾಯವನ್ನಿತ್ತರು. ದೂರದೂರದ ಯಂತ್ರಗಳನ್ನು ಜೋಡಿಸಿದರೆ ಒಬ್ಬರ ಕೆಲಸವು ಮತ್ತೊಬ್ಬರಿಗೆ ಒದಗೀತೆಂಬ ವಿಚಾರವನ್ನು 1963ರ ಏಪ್ರಿಲಿನಲ್ಲಿ ಸಹೋದ್ಯೋಗಿಗಳಿಗೆ ಒಂದು ಟಿಪ್ಪಣಿಯಲ್ಲಿ ಬರೆದು ಕಳುಹಿದರು. ಅದು ಯಾವ ಸಂಶೋಧನ ಪತ್ರಿಕೆಯಲ್ಲಿಯೂ ಪ್ರಕಟವಾದ ಲೇಖನವಲ್ಲ. ನಮ್ಮ ಅಂಕಪದ್ಧತಿಯಲ್ಲಿ ಅದರ ಬೆಲೆ ಸೊನ್ನೆ! ಆದರೆ ಅದೇ ಹಂಬಲವನ್ನು ಮುಂದುವರಿಸಿದ ರಾಬರ್ಟ್ ಟೇಲರ್ ಅವರು ಆರ್ಪಾದಲ್ಲಿ ಗಣಕಜಾಲದ ಕಾರ್ಯವನ್ನು ಆರಂಭಿಸಿದರು. ಗಣಕಯಂತ್ರವು ಸಂಪರ್ಕಸಾಧನವೂ ಆಗುವದೆಂದು ಇಬ್ಬರೂ ಕೂಡಿ 1968ರಲ್ಲಿ ಬರೆದರು. ಮರುವರ್ಷ ಅಕ್ಟೋಬರ್ 29ರಂದು ಆ ಜಾಲದ ಮೊದಲ ಸಂದೇಶವು ಕ್ಯಾಲಿಫೋರ್ನಿಯದ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿಯಿತು. ಇಂದಿನ ಇಂಟರ್‌ನೆಟ್ಟಿಗೆ ಅದೇ ನಾಂದಿ.

ಎಣಿಕೆಯನ್ನು ಕೈಬಿಟ್ಟರೆ ಪಕ್ಷಪಾತಕ್ಕೆ ಎಡೆಯಾಗದೆ, ಎಂದು ಅಧಿಕಾರಿಗಳು ಕೇಳಬಹುದು. ಈ ಶಂಕೆಯು ನಿರಾಧಾರವಲ್ಲ. ಆದರೆ ಸಂಖ್ಯೆಗೆ ಮಾತ್ರ ಮನ್ನಣೆಯಿತ್ತರೆ ಜೊಳ್ಳು ಬೆಳೆಯುವದು, ಕಾಳು ಕಾಣೆಯಾಗುವದು. ಪಕ್ಷಪಾತಕ್ಕೆ ಮದ್ದು ಕಾರಣ ಸಹಿತವಾದ ಬಹಿರಂಗ ನಿರ್ಣಯವೇ ಹೊರತು ಕಣ್ಣು ಮುಚ್ಚಿದ ಎಣಿಕೆಯಲ್ಲ. ಆಯ್ಕೆಯ ಸಮಿತಿಗಳು ಪ್ರತಿಯೊಬ್ಬ ಅಭ್ಯರ್ಥಿಯ ಎರಡು-ಮೂರು ಲೇಖನಗಳನ್ನಾದರೂ ಆಮೂಲಾಗ್ರವಾಗಿ ಓದಿ, ತಮ್ಮ ಅಭಿಪ್ರಾಯವನ್ನು ಬರೆದಿಡಲಿ.

ಎಣಿಸುವದು ಯಂತ್ರಕ್ಕೆ, ತೂಗುವದು ಮನುಷ್ಯನಿಗೆ ಎಂಬುದೇ ಲಿಕ್ಲೈಡರ್ ಅವರ ವಿಚಾರದ ಸಾರ. ನಮ್ಮ ಸಮಿತಿಗಳಾದರೋ ಎಣಿಸುವ ಕೆಲಸವನ್ನು ತಾವೇ ಹೊತ್ತು, ತೂಗುವದನ್ನು ಮರೆತಿರುವವು. ಈ ವೈಪರೀತ್ಯವು ತೊಲಗದೆ ನಮ್ಮಲ್ಲಿ ಹೊಸ ವಿಚಾರಕ್ಕೆ ನೆಲೆ ದೊರೆಯಲಾರದು.