ರಾತ್ರಿ ದಾರಿ ನಡೆಯುವಾಗ

ಹೊತ್ತು ಮುಳುಗಿದ ಮೇಲೆ ದಾರಿ ನಡೆಯುವುದು ನಮ್ಮ ಭಾಗದವರಿಗೆ ಹೊಸದೇನಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರೂ ಕೂಡಿ ಭಜ್ಜಿ-ರೊಟ್ಟಿ ಉಂಡು ಊರಿಗೆ ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ. ಅದೂ ಚಂದ್ರನಿಲ್ಲದ ಕತ್ತಲೆ. ತಾಂಡೂರಿನ ಭಾವಿಗಿ ಭದ್ರೇಶ್ವರನ ಜಾತ್ರೆಗೆ ಹೋದವರು ತೇರು ನೋಡದೆ ಹಿಂದಿರುಗುವುದುಂಟೆ? ಪೆದ್ದೆಮುಲ್ ಕಡೆಯ ಹಳ್ಳಿಗಳಿಗೆ ಹೋಗುವವರು ಸಂಜೆಯ ಬಸ್ಸಿನಿಂದ ಅಡ್ಡರಸ್ತೆಯಲ್ಲಿಳಿದು ಮುಂದೆ ಕಾಲ್ನಡಿಗೆಯಲ್ಲೇ ಹೋಗಬೇಕು. ಹತ್ತನೆಯ ತರಗತಿಯ ಮಕ್ಕಳು ಸಂಜೆಯ ವಿಶೇಷ ಪಾಠ ಮುಗಿಸಿ ಹೊರಡುವುದೂ ದೀಪ ಹಚ್ಚುವ ಹೊತ್ತಿಗೇ. ಆದ್ದರಿಂದ ರಾತ್ರಿ ಹೊರಗೆ ಹೋಗಬೇಡಿರೆಂದು ಹೇಳಿ ಪ್ರಯೋಜನವಿಲ್ಲ. ಹೇಗೆ ಹೋಗಬೇಕೆಂಬುದನ್ನು ತಿಳಿಯೋಣ.

ನನ್ನದೇ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ಕಪ್ಪು ಶಾಲು ಹೊದ್ದು ರಸ್ತೆಯ ಎಡಬದಿಯಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಜೀಪೊಂದು ಬಂತು. ಅದರ ಬೆಳಕು ನನ್ನ ಕಾಲ ಮುಂದೆಯೇ ಬಿದ್ದಿತ್ತು. ‘ಇಷ್ಟು ಬೆಳಕಿದೆ, ಅವನಿಗೆ ನಾನು ಕಾಣದಿರುವೆನೆ?’ ಎಂದುಕೊಂಡು ನಿಶ್ಚಿಂತನಾಗಿದ್ದೆ. ಕಿರ್ರೆಂದು ಬ್ರೇಕಿನ ಸದ್ದಾಯಿತು. ಜೀಪು ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ಚಾಲಕ ಇಳಿದು ಬಂದು ಬೈಯಲಿಲ್ಲ; ಅವನ ಕೈ ನಡುಗುತ್ತಿತ್ತು. ‘ಯಪ್ಪಾ, ನೀವು ಕಂಡೇ ಇಲ್ಲ ನೋಡ್ರಿ’ ಎಂದ. ಅವನ ಮಾತು ಸುಳ್ಳಲ್ಲವೆಂದು ಲೆಕ್ಕ ಹಾಕಿ ನೋಡಿದ ಮೇಲೆ ತಿಳಿಯಿತು.

ಆ ಲೆಕ್ಕವನ್ನು ನೀವೂ ಮಾಡಿ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣು ಕಂಡದ್ದನ್ನು ಬುದ್ಧಿ ಅರಿತು ಕಾಲು ಬ್ರೇಕಿನ ಮೇಲೆ ಬೀಳಲು ಒಂದು ಸೆಕೆಂಡಾದರೂ ಬೇಕು. ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿಯೂ ಇನ್ನು ಸುಮಾರು 20 ಮೀಟರ್ ಉರುಳುತ್ತದೆ. ಕಲ್ಲು ತುಂಬಿದ ಲಾರಿಗೆ ಇನ್ನೂ ಹೆಚ್ಚು. ಅಂದರೆ ನಿಲ್ಲಲು 40 ಮೀಟರ್ ಬೇಕಾಯಿತು. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪು ಬಟ್ಟೆಯವನು ಕಾಣುವುದೋ 25-30 ಮೀಟರಿಗೆ ಬಂದ ಮೇಲೆ! ಎದುರಿನಿಂದ ಇನ್ನೊಂದು ವಾಹನ ಬರುತ್ತಿದ್ದರೆ, ಆ ಬೆಳಕಿಗೆ ಕಣ್ಣು ಕುಕ್ಕಿದ ಚಾಲಕನಿಗೆ ಅಷ್ಟೂ ಕಾಣದು. ನಮಗೆ ದೀಪ ಒಂದು ಮೈಲಿಯಿಂದ ಕಾಣುತ್ತದೆ. ದೀಪದ ಹಿಂದೆ ಕುಳಿತವನಿಗೆ ನಾವು ಕಾಣುವುದಿಲ್ಲ. ತಪ್ಪು ತಿಳುವಳಿಕೆಯೆಲ್ಲ ಇಲ್ಲೇ ಇದೆ.

ಬಿಳಿಯ ಅಂಗಿ, ಬಿಳಿಯ ಟವೆಲು ಇದ್ದರೆ ಹೆಚ್ಚು ಕಡಿಮೆ ಎರಡು ಪಟ್ಟು ದೂರದಿಂದ ಕಾಣಬಹುದು. ಹೊಳೆಯುವ ಪಟ್ಟಿಯಾದರೆ ನೂರು ಮೀಟರಿಗೂ ಮಿಕ್ಕಿ. ಲಾರಿಯ ಹಿಂಭಾಗದಲ್ಲಿ ಅಂಟಿಸಿರುತ್ತಾರಲ್ಲ, ಅದೇ ಪಟ್ಟಿ. ಅದರೊಳಗಿನ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಗೇಣುದ್ದದ ಪಟ್ಟಿಯನ್ನು ಪಾಟಿಚೀಲದ ಹಿಂದೆ ಹೊಲಿದುಕೊಟ್ಟರೆ ಪಾಲಕರಿಗೆ ದೊಡ್ಡ ಖರ್ಚೇನೂ ಆಗದು. ಕಾಲಿಗೆ ಕಟ್ಟಿದರೆ ಇನ್ನೂ ಲೇಸು. ಅಲುಗಾಡುವ ವಸ್ತು ಬೇಗ ಕಣ್ಣಿಗೆ ಬೀಳುತ್ತದೆ.

ನಮ್ಮ ದೇಶದಲ್ಲಿ ವಾಹನಗಳು ಎಡಕ್ಕೆ ಓಡುತ್ತವೆ. ಆದ್ದರಿಂದ ಕಾಲುದಾರಿಯಿಲ್ಲದ ರಸ್ತೆಯಲ್ಲಿ ನಡೆಯುವವರು ಬಲಬದಿಯಲ್ಲಿ, ಬರುವ ವಾಹನಕ್ಕೆ ಮುಖಮಾಡಿ, ಒಬ್ಬರ ಹಿಂದೊಬ್ಬರಾಗಿ ನಡೆಯಬೇಕು. ಗೆಳೆಯರು ಹೆಗಲ ಮೇಲೆ ಕೈ ಹಾಕಿಕೊಂಡು ಸಾಲಾಗಿ ಹೋಗುವುದು ನೋಡಲು ಚೆಂದ, ಆದರೆ ಹಗಲಿನಲ್ಲಿ ಮಾತ್ರ. ದೀಪ ಹತ್ತಿರವಾದಾಗ ರಸ್ತೆಯಿಂದ ಕೆಳಗಿಳಿದು ನಿಲ್ಲಿ. ಬೆಳಕನ್ನು ದಿಟ್ಟಿಸದೆ ನೆಲದ ಕಡೆಗೆ ನೋಡಿ.

ಇದಕ್ಕೆ ಕಾರಣವಿದೆ. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಹಿಡಿಯುತ್ತದೆ. ಒಂದು ಕ್ಷಣ ಮೊಬೈಲಿನ ಪರದೆ ನೋಡಿದರೂ ಆ ಗಳಿಕೆ ಹಾಳು. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಕಣ್ಣಿನ ಪರದೆಯ ನಟ್ಟನಡುವೆ ಇಲ್ಲ, ಸುತ್ತಲೂ ಇವೆ. ಮಸುಕಾದ ಚಿಕ್ಕೆಯೊಂದನ್ನು ನೇರ ನೋಡಿ, ಅದು ಮಾಯವಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡಿ, ಮತ್ತೆ ಕಾಣುತ್ತದೆ. ಈ ಕೋಶಗಳಿಗೆ ‘ಎ’ ಜೀವಸತ್ವ ಬೇಕು. ಸಂಜೆಯಾದೊಡನೆ ಮಗು ಎಡವತೊಡಗಿದರೆ ಗದರಿಸಬೇಡಿ, ಇರುಳುಗಣ್ಣಿರಬಹುದು, ವೈದ್ಯರಿಗೆ ತೋರಿಸಿ. ನುಗ್ಗೆ ಸೊಪ್ಪು, ಪಪಾಯಿಯಂಥವು ಊಟದಲ್ಲಿರಲಿ.

ರಸ್ತೆ ಬಿಟ್ಟು ಹೊಲದ ದಾರಿ ಹಿಡಿದರೆ ವಾಹನದ ಭಯ ತಪ್ಪುತ್ತದೆ, ಬೇರೆ ಭಯ ಬರುತ್ತದೆ. ತಾಂಡೂರು, ಬಶೀರಾಬಾದ್ ಸುತ್ತ ಫರಸಿ ಕಲ್ಲು ತೆಗೆದು ಬಿಟ್ಟ ಖಣಿಗಳಿವೆ. ಮಳೆನೀರು ನಿಂತ ಖಣಿ ರಾತ್ರಿ ಬಯಲಿನಂತೆಯೇ ತೋರುತ್ತದೆ. ಕಟ್ಟೆಯಿಲ್ಲದ ಬಾವಿಗಳೂ ಹಾಗೆಯೇ. ಹಗಲು ನಡೆದು ನೋಡದ ಅಡ್ಡದಾರಿಯನ್ನು ಇರುಳಿನಲ್ಲಿ ಹಿಡಿಯಲೇಬಾರದು.

ಇನ್ನು ಹಾವು. ಕೋಲು ಬಡಿಯುತ್ತ ನಡೆದರೆ ಹಾವು ಸರಿದುಹೋಗುತ್ತದೆ ಎನ್ನುತ್ತಾರೆ ಹಿರಿಯರು. ನೆಲದ ಅದುರು ಹಾವಿಗೆ ತಿಳಿಯುವುದು ನಿಜ. ಆದರೆ ಕೊಳಕು ಮಂಡಲ ಅಷ್ಟು ಸುಲಭವಾಗಿ ಸರಿಯುವ ಜಾತಿಯಲ್ಲ. ತರಗೆಲೆಯ ಗುಪ್ಪೆಯಂತೆ ಸುತ್ತಿಕೊಂಡು ಬಿದ್ದಿರುತ್ತದೆ. ಕೋಲಿಗಿಂತ ಬ್ಯಾಟರಿಯ ಬೆಳಕನ್ನೂ ಕಾಲಿನ ಬೂಟನ್ನೂ ನಾನು ಹೆಚ್ಚು ನಂಬುತ್ತೇನೆ. ಬೆಳಕು ಮುಂದಿನ ನಾಲ್ಕು ಹೆಜ್ಜೆಗಳ ಮೇಲಿರಲಿ, ಗೆಳೆಯನ ಮುಖದ ಮೇಲಲ್ಲ.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬಾರದು. ಕಟ್ಟುಹಾವು ಕಚ್ಚಿದಲ್ಲಿ ಬಾವು, ನೋವು ಬಹಳ ಕಡಿಮೆ. ‘ಏನೂ ಆಗಿಲ್ಲ’ ಎಂದು ಮಲಗಿದವರು ಬೆಳಗಿಗೆ ಏಳದೆ ಹೋದದ್ದುಂಟು. ಕಚ್ಚಿಸಿಕೊಂಡವನನ್ನು ನಡೆಸದೆ, ಕೈಕಾಲು ಅಲುಗದಂತೆ ಇರಿಸಿ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲಿ ಸರಕಾರಿ ದವಾಖಾನೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು ಇರುವುದರಿಂದ, ಹಾವನ್ನು ಹೊಡೆದು ಜೊತೆಗೆ ತರಬೇಕಾದ ಅಗತ್ಯವಿಲ್ಲ.