ಬಿಡಿ ಟಿಕೆಟ್ಟುಗಳ ವಿದೇಶ ವಿಮಾನಯಾನ: ಏಕವಾಕ್ಯತಾ ವಿಚಾರ

ಬೆಂಗಳೂರಿನಿಂದ ಯೂರೋಪಿಗೋ ಅಮೆರಿಕಕ್ಕೋ ಹೊರಡುವವರು ಈಗ ಎರಡು ವಿಧವಾಗಿ ಟಿಕೆಟ್ಟನ್ನು ಕೊಳ್ಳುವರು. ಹೊರಡುವ ಊರಿನಿಂದ ಸೇರುವ ಊರಿನವರೆಗೆ, ನಡುವೆ ಎಷ್ಟು ವಿಮಾನಗಳನ್ನು ಬದಲಾಯಿಸಬೇಕಾಗಿದ್ದರೂ, ಒಂದೇ ಟಿಕೆಟ್ಟನ್ನು ಪಡೆಯುವುದು ಒಂದು ವಿಧ. ನಡುವಣ ಊರಿನವರೆಗೆ ಒಂದು ಟಿಕೆಟ್ಟನ್ನೂ, ಅಲ್ಲಿಂದ ಮುಂದಕ್ಕೆ ಬೇರೊಂದು ಸಂಸ್ಥೆಯ ಟಿಕೆಟ್ಟನ್ನೂ ಬಿಡಿಬಿಡಿಯಾಗಿ ಕೊಂಡು, ಎರಡನ್ನೂ ತಾವೇ ಹೊಂದಿಸಿಕೊಳ್ಳುವುದು ಇನ್ನೊಂದು ವಿಧ. ಈ ಎರಡನೆಯದರಲ್ಲಿ ಹಣವು ಉಳಿಯುವುದುಂಟು; ಕೆಲವು ವೇಳೆ ಗಣನೀಯವಾಗಿಯೇ ಉಳಿಯುವುದು. ವ್ಯಾಸಂಗಕ್ಕಾಗಿ ಹೋಗುವ ವಿದ್ಯಾರ್ಥಿಗಳೂ, ಮಗಳ ಬಾಣಂತನಕ್ಕೆಂದು ಹೋಗುವ ವೃದ್ಧ ತಾಯಿತಂದೆಗಳೂ ಈ ಮಾರ್ಗವನ್ನು ಹಿಡಿಯುತ್ತಿರುವರು. ಆದರೆ ಹೀಗೆ ಉಳಿದ ಹಣವು ಏನನ್ನು ಬಿಟ್ಟುಕೊಟ್ಟುದರ ಪ್ರತಿಫಲವೆಂಬ ವಿಚಾರವು ಸಾಕಷ್ಟು ನಡೆದಂತೆ ಕಾಣುವುದಿಲ್ಲ.

ಪೂರ್ವಮೀಮಾಂಸೆಯಲ್ಲಿ ಎಷ್ಟು ಪದಗಳ ಸಮೂಹವನ್ನು ಒಂದು ವಾಕ್ಯವೆನ್ನಬೇಕೆಂಬ ಪ್ರಶ್ನೆಯು ಬಂದಾಗ ಜೈಮಿನಿಯು ಎರಡು ಲಕ್ಷಣಗಳನ್ನು ಹೇಳಿರುವನು. ಸಮೂಹದ ಪ್ರಯೋಜನವು ಒಂದಾಗಿರಬೇಕು. ಬಿಡಿಸಿ ನೋಡಿದರೆ ಭಾಗಗಳಿಗೆ ಒಂದರ ಮೇಲೊಂದಕ್ಕೆ ಆಕಾಂಕ್ಷೆಯಿರಬೇಕು. ಬಿಡಿ ಟಿಕೆಟ್ಟುಗಳ ಪ್ರಯಾಣಿಕನ ಮನಸ್ಸಿನಲ್ಲಿ ಈ ಎರಡು ಲಕ್ಷಣಗಳೂ ಇರುವುವು: ಊರು ಸೇರುವುದೊಂದೇ ಪ್ರಯೋಜನ, ಎರಡನೆಯ ವಿಮಾನವಿಲ್ಲದೆ ಮೊದಲನೆಯದು ಅವನಿಗೆ ನಿರರ್ಥಕ. ವಿಮಾನ ಸಂಸ್ಥೆಗಳ ಲೆಕ್ಕದಲ್ಲಾದರೋ ಎರಡು ಟಿಕೆಟ್ಟುಗಳೂ ನಿರಾಕಾಂಕ್ಷವಾದುವು. ಮೊದಲನೆಯ ಸಂಸ್ಥೆಯು ಅವನನ್ನು ನಡುವಣ ಊರಿಗೆ ಇಳಿಸಿತೆಂದರೆ ಅದರ ಮಾತು ಮುಗಿಯಿತು. ಎರಡನೆಯದಕ್ಕೆ ಅವನು ಆ ಊರಿನ ನಿವಾಸಿಯೋ ಸಮುದ್ರದಾಚೆಯಿಂದ ಬಂದವನೋ ಎಂಬುದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಪ್ರಯಾಣಿಕನು ಏಕವಾಕ್ಯವೆಂದು ಓದಿದುದನ್ನು ಸಂಸ್ಥೆಗಳು ವಾಕ್ಯಭೇದವೆಂದು ಓದುವುವು. ಉಳಿತಾಯವೂ ನಷ್ಟವೂ ಹುಟ್ಟುವುದು ಈ ಪಾಠಭೇದದಿಂದಲೇ.

ಬಿಡಿಯಾಗಿ ಕೊಂಡರೆ ಅಗ್ಗವಾಗುವುದೇಕೆ ಎಂಬುದನ್ನು ಮೊದಲು ನೋಡತಕ್ಕದ್ದು. ವಿಮಾನದ ದರವು ದೂರಕ್ಕೆ ಅನುಸಾರವಾಗಿ ನಿಲ್ಲುವುದಿಲ್ಲ. ಇಂತಹ ಊರಿನಿಂದ ಇಂತಹ ಊರಿಗೆ ಎಂಬ ಜೋಡಿಗೆ ಇರುವ ಬೇಡಿಕೆ ಮತ್ತು ಪೈಪೋಟಿಯನ್ನು ಅನುಸರಿಸುವುದು. ಬೆಂಗಳೂರಿನಿಂದ ಲಂಡನ್ನಿಗೆ ಹೋಗುವವರು ಬಹಳ, ಒಯ್ಯುವವರೂ ಹಲವರು. ಬೆಂಗಳೂರಿನಿಂದ ಪೋರ್ಚುಗಲ್ಲಿನ ಪೋರ್ಟೊ ನಗರಕ್ಕೆ ಹೋಗುವವರು ವಿರಳ. ಲಂಡನ್ನಿನಿಂದ ಪೋರ್ಟೊಗೆ ಹಾರುವ ಅಗ್ಗದ ಸಂಸ್ಥೆಗಳಾದರೋ ಇರುವುವು. ಇದರ ಹಿಂದೆ ಒಂದು ಇತಿಹಾಸವುಂಟು. 1945ರಲ್ಲಿ ಹವಾನಾ ನಗರದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘದ ಸದಸ್ಯ ಸಂಸ್ಥೆಗಳು ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರು ಒಪ್ಪಿಕೊಳ್ಳುವ ಏರ್ಪಾಟನ್ನು ಬೆಳೆಸಿದುವು. ಪರಸ್ಪರ ಹಣದ ಲೆಕ್ಕವನ್ನು ತೀರಿಸಲು 1947ರಲ್ಲಿ ಒಂದು ತೀರುವಳಿ ಕಚೇರಿಯೂ ಏರ್ಪಟ್ಟಿತು. ಪೆಟ್ಟಿಗೆಯ ಮೇಲೆ ಕಡೆಯ ಊರಿನ ಚೀಟಿಯನ್ನು ಅಂಟಿಸಿ ನಿಶ್ಚಿಂತೆಯಿಂದಿರುವ ಸೌಕರ್ಯವು ಈ ಏರ್ಪಾಟಿನ ಫಲ. 1993ರಲ್ಲಿ ಯೂರೋಪಿನ ಆಕಾಶವು ಅಲ್ಲಿಯ ಸಂಸ್ಥೆಗಳಿಗೆ ಮುಕ್ತವಾಗಿ, 1997ರಲ್ಲಿ ಅದು ಪೂರ್ಣವಾದ ಮೇಲೆ ಪ್ರಬಲವಾದ ಅಗ್ಗದ ಸಂಸ್ಥೆಗಳಲ್ಲಿ ಹಲವು ಈ ಏರ್ಪಾಟಿನಿಂದ ಹೊರಗೆ ನಿಂತುವು. ಒಂದು ಊರಿನಿಂದ ಇನ್ನೊಂದು ಊರಿಗೆ, ಅಷ್ಟೇ, ಮುಂದಿನ ಹೊಣೆಯಿಲ್ಲ. ಆ ಹೊಣೆಯ ಖರ್ಚು ತಪ್ಪಿದುದು ಅವುಗಳ ದರವು ಕಡಮೆಯಾಗಲು ಇರುವ ಕಾರಣಗಳಲ್ಲೊಂದು. ಆದುದರಿಂದ ಬಿಡಿ ಟಿಕೆಟ್ಟನ್ನು ಕೊಂಡವನು ಸಂಸ್ಥೆಯನ್ನು ಚಾತುರ್ಯದಿಂದ ಸೋಲಿಸಿದನೆಂದು ಭಾವಿಸುವುದು ತಪ್ಪು. ಸಂಸ್ಥೆಯು ಇಳಿಸಿದ ಹೊರೆಯನ್ನು ಅವನು ತನ್ನ ತಲೆಯ ಮೇಲೆ ಇಟ್ಟುಕೊಂಡು ಅದರ ಕೂಲಿಯನ್ನು ತಾನೇ ಪಡೆದಿರುವನು.

ಇಲ್ಲಿ ಒಂದು ಶಂಕೆ ಏಳಬಹುದು. ಹಲವು ಸಂಸ್ಥೆಗಳು ಅನುಕ್ರಮವಾಗಿ ಒಯ್ದರೂ, ಕರಾರು ಒಂದಾಗಿರಲಿ ಹಲವಾಗಿರಲಿ, ಪ್ರಯಾಣವನ್ನು ಅಖಂಡವೆಂದು ಎಣಿಸಬೇಕೆಂಬ ಅರ್ಥದ ವಿಧಿಯು 1929ರ ವಾರ್ಸಾ ಒಪ್ಪಂದದಲ್ಲಿಯೇ ಇದೆ. 1999ರ ಮಾಂಟ್ರಿಯಲ್ ಒಪ್ಪಂದದಲ್ಲಿಯೂ ಅದು ಮುಂದುವರಿದಿದೆ. ಭಾರತವು ಈ ಎರಡನೆಯದಕ್ಕೆ 2009ರಲ್ಲಿ ಸೇರಿತು. ಹಾಗಿದ್ದರೆ ಬಿಡಿ ಟಿಕೆಟ್ಟುಗಳಿಗೂ ರಕ್ಷಣೆಯಿಲ್ಲವೇ ಎಂದರೆ, ಆ ವಿಧಿಯಲ್ಲಿರುವ ನಿಬಂಧನೆಯನ್ನು ಗಮನಿಸಬೇಕು: ಕರಾರಿನ ಉಭಯ ಪಕ್ಷದವರೂ ಅದನ್ನು ಒಂದೇ ಕಾರ್ಯವೆಂದು ಭಾವಿಸಿರಬೇಕು. ಪ್ರಯಾಣಿಕನೊಬ್ಬನೇ ಭಾವಿಸಿದರೆ ಸಾಲದು. ಎರಡನೆಯ ಟಿಕೆಟ್ಟಿನ ಅಸ್ತಿತ್ವವನ್ನೇ ಅರಿಯದ ಸಂಸ್ಥೆಗೆ ಅಂತಹ ಭಾವನೆಯನ್ನು ಆರೋಪಿಸುವುದು ಕಷ್ಟ.

ಯೂರೋಪ್ ಒಕ್ಕೂಟದ 2004ರ 261ನೆಯ ನಿಬಂಧನೆಯ ವ್ಯಾಖ್ಯಾನವು ಇನ್ನೂ ಸ್ವಾರಸ್ಯವಾದುದು. ಬರ್ಲಿನ್ನಿನಿಂದ ಕಾಸಾಬ್ಲಾಂಕಾ ಮಾರ್ಗವಾಗಿ ಅಗಾದೀರಿಗೆ ಹೊರಟ ಪ್ರಯಾಣವೊಂದರ ವಿಷಯದಲ್ಲಿ ಒಕ್ಕೂಟದ ನ್ಯಾಯಾಲಯವು 2018ರಲ್ಲಿ, ಒಂದೇ ಬಾರಿಗೆ ಕಾದಿರಿಸಿದ ವಿಮಾನಗಳೆಲ್ಲವೂ ಸೇರಿ ಒಂದು ಪ್ರಯಾಣವೆಂದು ನಿರ್ಣಯಿಸಿತು. 2022ರಲ್ಲಿ ಬಂದ ವಿವಾದವು ಹೆಚ್ಚು ಸೂಕ್ಷ್ಮ. ಸ್ಟುಟ್‌ಗಾರ್ಟಿನಿಂದ ಜ್ಯೂರಿಕ್, ಫಿಲಡೆಲ್ಫಿಯಾಗಳ ಮೂಲಕ ಕಾನ್ಸಾಸ್ ನಗರಕ್ಕೆ ಹೋಗುವ ವಿಮಾನಗಳನ್ನು ಒಬ್ಬ ದಳ್ಳಾಳಿಯು ಜೋಡಿಸಿದ್ದನು; ಒಯ್ದ ಎರಡು ಸಂಸ್ಥೆಗಳಿಗೆ ಪರಸ್ಪರ ಕಾನೂನಿನ ಸಂಬಂಧವಿರಲಿಲ್ಲ. ಆದರೂ ದಳ್ಳಾಳಿಯು ಒಟ್ಟು ಬೆಲೆಯೊಂದನ್ನು ಪಡೆದು ಒಂದೇ ಟಿಕೆಟ್ಟನ್ನು ಕೊಟ್ಟಿದ್ದುದರಿಂದ ಅದು ಸಂಧಿಯುಳ್ಳ ಪ್ರಯಾಣವೇ ಎಂದು ತೀರ್ಪಾಯಿತು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಲ್ಲಿಯೂ ಮುಂದಿನ ವಿಮಾನವು ತಪ್ಪಿದುದಕ್ಕೆ ಪರಿಹಾರವನ್ನು ಹೇಳುವಾಗ ಅದು ಒಂದೇ ಟಿಕೆಟ್ಟಿನ ಸಂಖ್ಯೆಯಲ್ಲಿರಬೇಕೆಂಬ ನಿಯಮವುಂಟು. ಅಂತು ಏಕವಾಕ್ಯತೆಯನ್ನು ನಿರ್ಣಯಿಸುವುದು ಪ್ರಯಾಣಿಕನ ತಾತ್ಪರ್ಯವಲ್ಲ, ಪತ್ರದ ಶಬ್ದ. ಎರಡು ವಿಮಾನಗಳೂ ಒಂದೇ ಸಂಸ್ಥೆಯವಾದರೂ ಬಿಡಿಯಾಗಿ ಕೊಂಡರೆ ಎರಡು ಕರಾರುಗಳೇ. ಕೆಲವು ದಳ್ಳಾಳಿಗಳು ಬಿಡಿ ಟಿಕೆಟ್ಟುಗಳನ್ನು ಕೂಡಿಸಿ ಮಾರಿ, ಸಂಧಿ ತಪ್ಪಿದರೆ ತಾವೇ ನೋಡಿಕೊಳ್ಳುವುದಾಗಿ ಹೇಳುವುದುಂಟು. ಅದು ದಳ್ಳಾಳಿಯ ಮಾತೇ ಹೊರತು ಸಂಸ್ಥೆಯದಲ್ಲ.

ಪ್ರಯೋಗದಲ್ಲಿ ಇದು ಹೇಗೆ ಪರಿಣಮಿಸುವುದೆಂಬುದಕ್ಕೆ ಮೇಲೆ ಹೇಳಿದ ಲಂಡನ್ನಿನ ದೃಷ್ಟಾಂತವೇ ಸಾಕು. ಬೆಂಗಳೂರಿನ ವಿಮಾನವು ಇಳಿಯುವುದು ನಗರದ ಪಶ್ಚಿಮದ ಹೀಥ್ರೂ ನಿಲ್ದಾಣದಲ್ಲಿ. ಅಗ್ಗದ ವಿಮಾನಗಳು ಬಹುವಾಗಿ ಏಳುವುದು ಈಶಾನ್ಯದ ಸ್ಟಾನ್‌ಸ್ಟೆಡ್ಡಿನಲ್ಲಿ. ಎರಡಕ್ಕೂ ಟಿಕೆಟ್ಟಿನಲ್ಲಿ ಲಂಡನ್ ಎಂದೇ ಬರೆದಿರುವುದು. ರಸ್ತೆಯ ದೂರವಾದರೋ ನೂರು ಕಿಲೋಮೀಟರಿಗೂ ಮೇಲ್ಪಟ್ಟುದು. ಇಸ್ತಾಂಬುಲ್, ಬ್ಯಾಂಕಾಕ್, ಟೋಕಿಯೋ ನಗರಗಳಲ್ಲಿಯೂ ಹೀಗೆ ಎರಡೆರಡು ನಿಲ್ದಾಣಗಳಿರುವುವು. ಹೀಥ್ರೂವಿನಲ್ಲಿ ಇಳಿದವನು ವಲಸೆಯ ತಪಾಸಣೆಯ ಸಾಲಿನಲ್ಲಿ ನಿಂತು, ಪೆಟ್ಟಿಗೆಯನ್ನು ಬಿಡಿಸಿಕೊಂಡು, ಸುಂಕದ ಕಟ್ಟೆಯನ್ನು ದಾಟಿ, ಬಸ್ಸನ್ನು ಹಿಡಿದು, ಇನ್ನೊಂದು ನಿಲ್ದಾಣದಲ್ಲಿ ಹೊಸದಾಗಿ ಪೆಟ್ಟಿಗೆಯನ್ನು ತೂಗಿಸಿ, ಮತ್ತೆ ಭದ್ರತಾ ತಪಾಸಣೆಗೆ ಒಳಗಾಗಬೇಕು. ಮೊದಲ ಸಂಸ್ಥೆಯು ಒಪ್ಪಿದ ತೂಕವನ್ನು ಎರಡನೆಯದು ಒಪ್ಪುವುದೆಂಬ ನಿಯಮವಿಲ್ಲ; ಎರಡರಲ್ಲಿ ಕಡಮೆಯಾದುದೇ ಇಡೀ ಪ್ರಯಾಣದ ಮಿತಿ. ಕೈಚೀಲವೊಂದರಲ್ಲಿಯೇ ಹೋದರೆ ಕಾಲವೂ ಹಣವೂ ಉಳಿಯುವುವು. ಉಪ್ಪಿನಕಾಯಿಯ ಭರಣಿಯು ಮಾತ್ರ ಮನೆಯಲ್ಲಿಯೇ ಉಳಿಯುವುದು. ಮಗಳ ಮನೆಗೆ ಹೋಗುವ ತಾಯಿಯು ಇದನ್ನು ಒಪ್ಪುವಳೆಂದು ಹೇಳಲಾಗದು.

ವೀಸಾದ ವಿಷಯವು ಇದಕ್ಕಿಂತ ಗುರುತರವಾದುದು. ಒಂದೇ ಟಿಕೆಟ್ಟಿನವನು ಅನೇಕ ನಿಲ್ದಾಣಗಳಲ್ಲಿ ದೇಶದ ಗಡಿಯನ್ನು ದಾಟದೆ ಒಳಗಿನಿಂದಲೇ ಮುಂದಿನ ವಿಮಾನಕ್ಕೆ ಹೋಗಬಲ್ಲನು. ಪೆಟ್ಟಿಗೆಯನ್ನು ಬಿಡಿಸಿಕೊಳ್ಳಬೇಕಾದ ಬಿಡಿ ಟಿಕೆಟ್ಟಿನವನು ಸಾಮಾನ್ಯವಾಗಿ ಗಡಿಯನ್ನು ದಾಟಿಯೇ ತೀರಬೇಕು. ಪೋರ್ಟೊಗೆ ಬೇಕಾದ ಅಲ್ಪಾವಧಿಯ ಷೆಂಗೆನ್ ವೀಸಾವನ್ನು ಹಿಡಿದವನಿಗೆ ಅದರ ಬಲದಿಂದ ಇಂಗ್ಲೆಂಡಿನ ಗಡಿಯನ್ನು ದಾಟಲು ಬಾರದು. ಷೆಂಗೆನ್ ದೇಶಗಳ ವಿಮಾನ ನಿಲ್ದಾಣ ಸಂಚಾರದ ವೀಸಾ ಕೂಡ ನಿಲ್ದಾಣದ ಒಳಭಾಗಕ್ಕೆ ಮಾತ್ರ ಸಲ್ಲುವುದು. ಹೊರಗೆ ಬಂದು ಪೆಟ್ಟಿಗೆಯನ್ನು ಒಪ್ಪಿಸಲು ಅದರಿಂದ ಅಧಿಕಾರ ಬಾರದು. ಈ ತೊಡಕು ತೋರುವುದು ಲಂಡನ್ನಿನಲ್ಲಿಯೂ ಅಲ್ಲ, ಬೆಂಗಳೂರಿನಲ್ಲಿಯೇ. ಮೊದಲ ಸಂಸ್ಥೆಯ ಪತ್ರದಲ್ಲಿ ಗಮ್ಯಸ್ಥಾನವು ಲಂಡನ್; ಅಲ್ಲಿಗೆ ವೀಸಾ ಇಲ್ಲದವನನ್ನು ಒಯ್ದರೆ ಹಿಂದಕ್ಕೆ ತರುವ ಹೊಣೆ ಅದರದು. ಆದುದರಿಂದ ಅದು ಅವನನ್ನು ಹತ್ತಿಸುವುದೇ ಇಲ್ಲ. ಮುಂದಿನ ಟಿಕೆಟ್ಟನ್ನು ತೋರಿಸಿ ವಾದಿಸಿದರೂ ಫಲ ಕಾಣದು.

ಎರಡು ವಿಮಾನಗಳ ನಡುವೆ ಎಷ್ಟು ಕಾಲವಿರಬೇಕು? ನಿಲ್ದಾಣಗಳು ಗೊತ್ತುಮಾಡಿರುವ ಕನಿಷ್ಠ ಸಂಧಿಕಾಲವೆಂಬುದೊಂದುಂಟು; ಅದು ಒಂದೇ ಟಿಕೆಟ್ಟಿನವರಿಗಾಗಿ ಹೇಳಿದುದು, ಬಿಡಿ ಟಿಕೆಟ್ಟಿಗೆ ಪ್ರಮಾಣವಲ್ಲ. ವಿದೇಶದ ವಿಮಾನಗಳಿಗೆ ಪೆಟ್ಟಿಗೆಯನ್ನು ಒಪ್ಪಿಸುವ ಕಟ್ಟೆಯು ಹೊರಡುವ ಹೊತ್ತಿಗೆ ಒಂದು ಗಂಟೆಯಷ್ಟು ಮುಂಚೆಯೇ ಮುಚ್ಚುವುದು ಸಾಮಾನ್ಯ. ಆದುದರಿಂದ ಲೆಕ್ಕವನ್ನು ಹೊರಡುವ ಹೊತ್ತಿನಿಂದಲ್ಲ, ಕಟ್ಟೆಯು ಮುಚ್ಚುವ ಹೊತ್ತಿನಿಂದ ಹಿಡಿಯತಕ್ಕದ್ದು. ಒಂದೇ ನಿಲ್ದಾಣದಲ್ಲಿಯಾದರೆ ಐದಾರು ಗಂಟೆಗಳೂ, ನಿಲ್ದಾಣವು ಬದಲಾದರೆ ಒಂದು ರಾತ್ರಿಯೂ ಇರುವುದು ಯುಕ್ತ. ಎರಡನೆಯದು ಆ ದಿನದ ಕಡೆಯ ವಿಮಾನವಾಗಿರದೆ, ತಪ್ಪಿದರೆ ಹಿಂದೆಯೇ ಇನ್ನೊಂದು ಇರುವಂತಹ ಮಾರ್ಗವಾದರೆ ಒಳ್ಳೆಯದು. ತಿಂಗಳುಗಳ ಮುಂಚೆಯೇ ಮೊದಲ ಸಂಸ್ಥೆಯು ತನ್ನ ವೇಳೆಯನ್ನು ಮೂರು ಗಂಟೆ ಮುಂದೂಡಬಹುದೆಂಬುದನ್ನೂ ಮರೆಯಬಾರದು. ಎರಡನೆಯದು ಅದಕ್ಕೆ ಹೊಂದಿಕೊಳ್ಳುವುದಿಲ್ಲ.

ಗಣಿತಕ್ಕಾಗಿ ಮಾತ್ರ ಕೆಲವು ಅಂಕೆಗಳನ್ನು ಕಲ್ಪಿಸಿಕೊಳ್ಳೋಣ. ಒಂದೇ ಟಿಕೆಟ್ಟಿಗೆ 72,000 ರೂಪಾಯಿ, ಬಿಡಿ ಟಿಕೆಟ್ಟುಗಳೆರಡಕ್ಕೂ ಸೇರಿ 56,000. ಮೇಲುನೋಟಕ್ಕೆ ಉಳಿತಾಯವು 16,000. ಎರಡನೆಯ ಸಂಸ್ಥೆಗೆ ಪೆಟ್ಟಿಗೆಯ ಬಾಬ್ತು 4,000, ರಾತ್ರಿಯ ವಸತಿಗೆ 5,000, ಬಸ್ಸಿಗೆ 2,000 ಕಳೆದರೆ ಉಳಿಯುವುದು 5,000. ಎರಡನೆಯ ವಿಮಾನವು ತಪ್ಪಿ ಕಡೆಯ ಗಳಿಗೆಯಲ್ಲಿ ಹೊಸ ಟಿಕೆಟ್ಟನ್ನು ಕೊಳ್ಳಲು 30,000 ಬೇಕಾದರೆ, ಆರು ಪ್ರಯಾಣಗಳಲ್ಲಿ ಒಮ್ಮೆ ತಪ್ಪಿದರೂ ಲಾಭವು ಶೂನ್ಯವಾಯಿತು. ವಸತಿಯ 5,000 ಅನ್ನು ಉಳಿಸಲೆಂದು ಸಂಧಿಯನ್ನು ಬಿಗಿಮಾಡುವವನು ಈ ಆರನ್ನು ಇನ್ನೂ ಕೆಳಗೆ ಎಳೆಯುವನು. ವಸತಿಯ ಹಣವು ವೆಚ್ಚವೆನ್ನುವುದಕ್ಕಿಂತ ವಿಮೆಯ ಕಂತೆನ್ನುವುದೇ ಸರಿ. ನಿಜವಾದ ವಿಮೆಯನ್ನು ಕೊಳ್ಳುವವರು ಸಂಧಿ ತಪ್ಪಿದುದಕ್ಕೆ ಸಂಬಂಧಿಸಿದ ಷರತ್ತನ್ನು ಓದಬೇಕು. ಬಿಡಿ ಟಿಕೆಟ್ಟುಗಳನ್ನು ಹೊರಗಿಡುವ ಷರತ್ತುಗಳುಂಟು.

ನಷ್ಟವು ಅಲ್ಲಿಗೇ ನಿಲ್ಲದಿರಬಹುದು. ಎರಡನೆಯ ಟಿಕೆಟ್ಟು ಹೋಗಿಬರುವ ಟಿಕೆಟ್ಟಾಗಿದ್ದು, ಹೋಗುವ ವಿಮಾನಕ್ಕೆ ಪ್ರಯಾಣಿಕನು ಬಾರದಿದ್ದರೆ, ಬರುವ ಭಾಗವನ್ನೂ ರದ್ದುಮಾಡುವ ನಿಯಮವು ಅನೇಕ ಸಂಸ್ಥೆಗಳಲ್ಲಿದೆ. ಹೊಸ ಟಿಕೆಟ್ಟನ್ನು ಕೊಂಡು ಹೇಗೋ ಮಗಳ ಮನೆಯನ್ನು ಸೇರಿದ ವೃದ್ಧರು ಮೂರು ತಿಂಗಳ ಮೇಲೆ ಹಿಂದಿರುಗಲು ನಿಲ್ದಾಣಕ್ಕೆ ಬಂದಾಗ ತಮ್ಮ ಹೆಸರೇ ಪಟ್ಟಿಯಲ್ಲಿಲ್ಲವೆಂಬುದನ್ನು ಅರಿಯುವ ಸಂದರ್ಭವು ಹೀಗೆ ಉಂಟಾಗುವುದು. ವಿಮಾನವು ತಪ್ಪುವುದೆಂದು ತಿಳಿದ ಕೂಡಲೆ, ಅದು ಹೊರಡುವುದಕ್ಕೆ ಮುಂಚೆಯೇ, ಸಂಸ್ಥೆಗೆ ತಿಳಿಸಿ ಹಿಂದಿರುಗುವ ಭಾಗವನ್ನು ಉಳಿಸಿಕೊಳ್ಳಲು ಪ್ರಯತ್ನಿಸಬೇಕು. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಟಿಕೆಟ್ಟನ್ನು ಕೊಂಡಿದ್ದರೆ ಈ ಭಯವಿಲ್ಲ. ಇಲ್ಲಿ ಮಾತ್ರ ವಾಕ್ಯಭೇದವು ಪ್ರಯಾಣಿಕನಿಗೆ ಅನುಕೂಲ.

ಈ ವಿಚಾರವು ವಿದೇಶದ ನಿಲ್ದಾಣಗಳಿಗೇ ಸೀಮಿತವಲ್ಲ. ಹುಬ್ಬಳ್ಳಿಯಿಂದ ಮುಂಬಯಿಗೆ ಬಿಡಿ ಟಿಕೆಟ್ಟಿನಲ್ಲಿ ಹೋಗಿ ಅಲ್ಲಿಂದ ವಿದೇಶದ ವಿಮಾನವನ್ನು ಹಿಡಿಯುವವರೂ ಇದೇ ನ್ಯಾಯಕ್ಕೆ ಒಳಪಟ್ಟವರು. 2025ರಲ್ಲಿ ನವೀ ಮುಂಬಯಿಯ ನಿಲ್ದಾಣವು ಉದ್ಘಾಟಿತವಾದ ಮೇಲೆ ಮುಂಬಯಿಯೂ ಎರಡು ನಿಲ್ದಾಣಗಳ ನಗರವಾಯಿತು. ಇಳಿಯುವುದೆಲ್ಲಿ, ಏರುವುದೆಲ್ಲಿ ಎಂಬುದನ್ನು ಟಿಕೆಟ್ಟಿನ ಮೂರಕ್ಷರದ ಸಂಕೇತದಿಂದ ನಿಶ್ಚಯಿಸಿಕೊಳ್ಳಬೇಕು.

ಕಾಲಗಣನೆಯಲ್ಲಿ ಆಗುವ ತಪ್ಪುಗಳನ್ನು ಕುರಿತು ಎರಡು ಮಾತು ಉಳಿದಿದೆ. ಪಂಚಾಂಗದ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಟಿಕೆಟ್ಟಿನ ದಿನವು ನಡುರಾತ್ರಿಯಿಂದ ನಡುರಾತ್ರಿಯವರೆಗೆ. ಶುಕ್ರವಾರ 0 ಗಂಟೆ 40 ನಿಮಿಷವೆಂದು ಬರೆದಿರುವ ವಿಮಾನಕ್ಕೆ ಗುರುವಾರ ರಾತ್ರಿಯೇ ಮನೆಯನ್ನು ಬಿಡಬೇಕು. ಶುಕ್ರವಾರ ರಾತ್ರಿ ಹೋದವನಿಗೆ ವಿಮಾನವು ಒಂದು ದಿನ ಮುಂಚೆಯೇ ಹೋಗಿರುವುದು. ಟಿಕೆಟ್ಟಿನಲ್ಲಿ ಅಚ್ಚಾಗಿರುವ ಹೊತ್ತುಗಳೆಲ್ಲವೂ ಆಯಾ ಊರಿನವು. ನಡುವಣ ಊರಿನಲ್ಲಿ ಇಳಿಯುವ ಹೊತ್ತೂ ಏರುವ ಹೊತ್ತೂ ಅದೇ ಊರಿನವಾದುದರಿಂದ ಒಂದರಿಂದ ಒಂದನ್ನು ನೇರವಾಗಿ ಕಳೆಯತಕ್ಕದ್ದು. ಭಾರತದ ಹೊತ್ತಿಗೆ ಪರಿವರ್ತಿಸಲು ಹೋದವರೇ ತಪ್ಪುವರು. ಇದಕ್ಕೆ ಅಪವಾದವು ವರ್ಷಕ್ಕೆ ಎರಡು ರಾತ್ರಿ. ಮಾರ್ಚಿ ತಿಂಗಳ ಕಡೆಯ ಭಾನುವಾರ ಬೆಳಗಿನ ಜಾವ ಲಂಡನ್ನಿನಲ್ಲಿ ಒಂದು ಗಂಟೆಯಾಗುತ್ತಲೇ ಗಡಿಯಾರವನ್ನು ಎರಡಕ್ಕೆ ತಿರುಗಿಸುವರು. ಶನಿವಾರ ಸಂಜೆ ಇಳಿದು ಭಾನುವಾರ ಮುಂಜಾನೆ ಏರುವವನ ಸಂಧಿಕಾಲದಲ್ಲಿ, ಕಳೆದು ಬಂದ ಲೆಕ್ಕಕ್ಕಿಂತ ಒಂದು ಗಂಟೆ ಕಡಮೆಯಾಗಿರುವುದು. ಅಕ್ಟೋಬರ್ ತಿಂಗಳ ಕಡೆಯ ಭಾನುವಾರ ಆ ಗಂಟೆಯು ಹಿಂದಿರುಗಿ ಬರುವುದು.