ತಣ್ಣಗಿದ್ದಾಗ ಮಾತ್ರ ಕೇಳುವ ಸದ್ದು

ಬೆಳಗಿನ ಚಳಿಯಲ್ಲಿ ಎಂಜಿನ್ ಚಾಲೂ ಮಾಡಿದರೆ ಟಿಕ್ ಟಿಕ್ ಟಿಕ್. ಹತ್ತು ನಿಮಿಷ ಓಡಿಸಿದ ಮೇಲೆ ಸದ್ದು ಮಾಯ. ‘ಬಿಸಿಯಾದ್ರೆ ಸರಿಹೋಗುತ್ತೆ ಮಾವ’ ಅಂದ ಅಳಿಯ. ಎರಡು ವರ್ಷದಿಂದ ಅವನು ಹಾಗೇ ಅಂದುಕೊಂಡು ಬಂದಿದ್ದನಂತೆ.

ಅಮೆರಿಕದ ಮಿಶಿಗನ್‌ನಲ್ಲಿರುವ ಮಗಳ ಮನೆಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅಂಗಳದಲ್ಲಿ ನಿಂತಿದ್ದ ಈ ವಾಹನ. 1976ರ ಜಿಎಂಸಿ ಮೋಟರ್‌ಹೋಮ್. ಇಪ್ಪತ್ತಾರು ಅಡಿ ಉದ್ದ. ಒಳಗೆ ಅಡುಗೆಕಟ್ಟೆ, ಮಂಚ, ಬಚ್ಚಲು. ಒಂದು ಗ್ಯಾರೇಜಿಗೆ ಒಯ್ದಿದ್ದಾಗ ಅವರು ಎಂಜಿನ್‌ಗೆ ಕಿವಿಗೊಟ್ಟು, ಏನೂ ಕೇಳದೆ, ‘ಎಲ್ಲ ಸರಿಯಿದೆ’ ಎಂದು ಕಳಿಸಿದ್ದರಂತೆ. ಕೊನೆಗೆ ಯಾರೋ ಹೇಳಿದ ಅಜ್ಜನೊಬ್ಬರ ಶೆಡ್ಡಿಗೆ ಹೋದೆವು. ವಯಸ್ಸು ಎಂಬತ್ತರ ಸಮೀಪ. ‘ನನ್ನ ಹೆಸರು ಬೇಡ, ಕೆಲಸದ ಬಗ್ಗೆ ಬರೆಯಿರಿ’ ಎಂದರು. ಹಾಗೆಯೇ ಬರೆಯುತ್ತಿದ್ದೇನೆ.

ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನ ಮಾಡಿದ್ದ ಹಳೆಯ ಕೈಪಿಡಿಯೊಂದನ್ನು ಮುಂದಿಟ್ಟುಕೊಂಡು ಅವರು ಚರಿತ್ರೆ ಹೇಳಿದರು. 1972ರಲ್ಲಿ ವಾಷಿಂಗ್ಟನ್ ಬಳಿಯ ಡಲ್ಲೆಸ್ ವಿಮಾನ ನಿಲ್ದಾಣದ ಸಾರಿಗೆ ಪ್ರದರ್ಶನದಲ್ಲಿ ಈ ಗಾಡಿ ಜನರ ಮುಂದೆ ಬಂತು. 1973ರಿಂದ 1978ರವರೆಗೆ ಮಿಶಿಗನ್‌ನ ಪಾಂಟಿಯಾಕ್‌ನಲ್ಲಿ ತಯಾರಾಯಿತು. ಒಟ್ಟು ಹೆಚ್ಚುಕಡಿಮೆ 13,000. ಮುಂದಿನ ಚಕ್ರಗಳೇ ಎಳೆಯುವುದರಿಂದ ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ, ಹಾಗಾಗಿ ನೆಲ ತಗ್ಗು. ಓಲ್ಡ್ಸ್‌ಮೊಬೈಲ್ ಕಂಪನಿಯ ಏಳೂವರೆ ಲೀಟರಿನ, ಎಂಟು ಸಿಲಿಂಡರಿನ ಎಂಜಿನ್ ನಮ್ಮದರಲ್ಲಿ. ಲೀಟರ್ ಪೆಟ್ರೋಲಿಗೆ ಮೂರೂವರೆ, ನಾಲ್ಕು ಕಿಲೋಮೀಟರ್ ಓಡಿದರೆ ಪುಣ್ಯ.

ಅಜ್ಜ ಆ ದಿನ ಗಾಡಿಯನ್ನು ಮುಟ್ಟಲೇ ಇಲ್ಲ. ‘ರಾತ್ರಿ ಇಲ್ಲೇ ಇರಲಿ, ಬೆಳಿಗ್ಗೆ ಬನ್ನಿ’ ಎಂದರು. ಮರುದಿನ ಚಾಲಕನ ಪಕ್ಕದ ನೆಲದ ಮುಚ್ಚಳ ತೆಗೆದು (ಈ ಗಾಡಿಯಲ್ಲಿ ಎಂಜಿನ್ ಸಿಗುವುದು ಮನೆಯ ಒಳಗಿನಿಂದಲೇ) ಎರಡು ಮೊಳದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಬೀಡುಕಬ್ಬಿಣದ ಮ್ಯಾನಿಫೋಲ್ಡಿನ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸುತ್ತಾ ಹೋದರು. ಒಂದು ಕಡೆ ನಿಲ್ಲಿಸಿ ಪೈಪನ್ನು ನನ್ನ ಕಿವಿಗೆ ಕೊಟ್ಟರು. ಕಿವಿಯೊಳಗೇ ಯಾರೋ ಚಿಟಿಕೆ ಹೊಡೆದಂತಿತ್ತು. ಹೊಗೆ ಸೋರುತ್ತಿದ್ದದ್ದು ಅಲ್ಲಿಂದ. ಬೀಡು ಬಿಸಿಯಾದಾಗ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಆದರೆ ರೋಗ ಅಲ್ಲೇ ಇರುತ್ತದೆ. ಅದೂ ಮಕ್ಕಳು ಮಲಗುವ ಗಾಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಈ ಎಂಜಿನ್ನಿನಲ್ಲಿ ಒಂದೊಂದು ಬದಿಯ ನಡುವಿನ ಎರಡು ಸಿಲಿಂಡರುಗಳ ಹೊಗೆ ಅಕ್ಕಪಕ್ಕದಲ್ಲೇ, ಒಂದೇ ಬಾಯಿ ಎಂಬಂತೆ ಹೊರಬರುತ್ತದೆ. ಬಿಸಿಯೆಲ್ಲ ಅಲ್ಲೇ. ನಡು ಕಾದು ತುದಿಗಳು ತಣ್ಣಗಿದ್ದರೆ ಬೀಡು ಡೊಂಕಾಗುತ್ತದೆ. ಅದನ್ನು ಎಂಜಿನ್ನಿಗೆ ಬಿಗಿದಿರುವ ಕೊನೆಯ ಬೋಲ್ಟ್ ಆ ಎಳೆತ ತಾಳಲಾರದೆ ಕಟ್ಟಾಗುತ್ತದೆ. ನಮ್ಮದರಲ್ಲಿ ಆಗಿದ್ದದ್ದು ಅದೇ. ಮುರಿದ ಬೋಲ್ಟಿನ ಬುಡ ಎಂಜಿನ್ ಹೆಡ್ಡಿನೊಳಗೆ ತುಕ್ಕು ಹಿಡಿದು ಕೂತಿತ್ತು.

ನಾನು ಮೂರು ದಿನ ಆ ಶೆಡ್ಡಿನಲ್ಲಿ ಕೂತದ್ದು ಈ ಬುಡ ಹೊರಬರುವುದನ್ನು ನೋಡಲೆಂದು. ಮೊದಲ ದಿನ ತುಕ್ಕಿಗೆ ಎಣ್ಣೆ ಬಿಟ್ಟು ಸುಮ್ಮನಾದರು. ಎರಡನೆಯ ದಿನ ಮುರಿಯದೆ ಉಳಿದ ಬೋಲ್ಟುಗಳ ಸರದಿ. ಗ್ಯಾಸ್ ಜ್ವಾಲೆಯಲ್ಲಿ ಸುತ್ತಲ ಕಬ್ಬಿಣ ಕಾಯಿಸಿ, ಜ್ವಾಲೆ ತೆಗೆದು, ಮೇಣದ ಬತ್ತಿಯನ್ನು ತಾಗಿಸಿದರು. ಮೇಣ ಕರಗಿ ಬೋಲ್ಟಿನ ತಿರುಪಿನ ಸಂದಿನೊಳಗೆ ತಾನೇ ಇಳಿಯಿತು. ಸ್ಪ್ಯಾನರಿನಲ್ಲಿ ಕಾಲು ಸುತ್ತು ಬಿಚ್ಚಿದರೆ ಅಷ್ಟೇ ಹಿಂದಕ್ಕೆ ಬಿಗಿ. ಮತ್ತೆ ಬಿಚ್ಚು, ಮತ್ತೆ ಬಿಗಿ. ಒಂದು ಬೋಲ್ಟಿಗೆ ಅರ್ಧ ಗಂಟೆ. ಮೂರನೆಯ ದಿನ ಮುರಿದದ್ದರ ಮೇಲೆ ವಾಷರ್ ಇಟ್ಟು, ಅದರ ತೂತಿನೊಳಗೆ ವೆಲ್ಡ್ ಮಾಡಿ, ಮೇಲೊಂದು ನಟ್ ಕೂರಿಸಿ ಮತ್ತೆ ವೆಲ್ಡ್ ಮಾಡಿದರು. ಕೆಂಪಗೆ ಕಾದ ನಟ್ಟು ಕಪ್ಪಾಗುವವರೆಗೆ ಕೈಕಟ್ಟಿ ಕೂತರು. ಆಮೇಲೆ ಸ್ಪ್ಯಾನರಿಗೆ ಎರಡೇ ಬೆರಳ ಬಲ. ಕಿರ್ ಎಂದು ಬೋಲ್ಟು ತಿರುಗಿತು. ಹೊರಬಂದ ತುಂಡು ಕಿರುಬೆರಳಿನ ಒಂದು ಗೆಣ್ಣಿನಷ್ಟಿತ್ತು. ಅದನ್ನು ಒರೆಸಿ ಕಾಫಿ ಡಬ್ಬಿಯೊಂದಕ್ಕೆ ಹಾಕಿದರು. ಡಬ್ಬಿ ಆಗಲೇ ಮುಕ್ಕಾಲು ತುಂಬಿತ್ತು.

ಅಳಿಯನ ಮನಸ್ಸು ಹೆಡರ್ ಕಡೆಗಿತ್ತು. ಒಂದೊಂದು ಸಿಲಿಂಡರಿಗೂ ಒಂದೊಂದು ಉಕ್ಕಿನ ಕೊಳವೆ, ಹೊಗೆ ಸರಾಗ, ಎಂಜಿನ್ನಿಗೆ ಬಲ. ಅಜ್ಜ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಕೊಳವೆ ತೆಳು, ಗಾಡಿ ಐದು ಟನ್ ಭಾರ. ಬೆಟ್ಟ ಹತ್ತುವಾಗ ಎಂಜಿನ್ ಗಂಟೆಗಟ್ಟಲೆ ಕಾಯುತ್ತದೆ, ಆಗ ತೆಳು ಕೊಳವೆ ಬಿರುಕು ಬಿಡುತ್ತದೆ. ಹಳೆಯ ಬೀಡನ್ನೇ ಸಮಮಾಡಿ, ಒಳಗಿನ ಎರಕದ ಗಂಟುಗಳನ್ನು ಉಜ್ಜಿ ತೆಗೆದು, ಮೇಲೆ ಸೆರಾಮಿಕ್ ಲೇಪ ಕೊಟ್ಟರೆ ಬಿಸಿ ಕೊಳವೆಯೊಳಗೇ ಉಳಿಯುತ್ತದೆ, ನೆಲದ ಮೇಲೆ ಕೂತವರ ಕಾಲು ಸುಡುವುದಿಲ್ಲ ಎಂದರು. ಮಟ್ಟದ ಪಟ್ಟಿಯನ್ನಿಟ್ಟು ಹಿಂದಿನಿಂದ ದೀಪ ಹಿಡಿದಾಗ ಮ್ಯಾನಿಫೋಲ್ಡಿನ ತುದಿಯಲ್ಲಿ ಬೆಳಕಿನ ಗೆರೆ ಕಂಡಿತು. ಮಿಲ್ಲಿಂಗ್ ಯಂತ್ರದಲ್ಲಿ ಸಮಮಾಡಿದ ಮೇಲೆ ಆ ಗೆರೆ ಇರಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ಹಳೆಯ ಕೊಳವೆಗಳು ಬಾಗಿದ ಕಡೆಯೆಲ್ಲ ಚಪ್ಪಟೆಯಾಗಿದ್ದವು. ಅವುಗಳ ಬದಲು ಬಾಗಿದಲ್ಲೂ ದುಂಡಗೇ ಇರುವ ಅಗಲದ ಕೊಳವೆ, ಹೊಸ ಸೈಲೆನ್ಸರ್. ಬಾಲದ ಕೊಳವೆ ಗಾಡಿಯ ಅಂಚು ದಾಟಿ ಹೊರಗೆ ಬಾಯಿ ತೆರೆಯಲೇಬೇಕೆಂದು ಹಟ ಹಿಡಿದರು. ಇಲ್ಲದಿದ್ದರೆ ಹೊಗೆ ಕಿಟಕಿಯಿಂದ ಒಳಗೆ ಬರುತ್ತದೆ. ಮಂಚದ ಪಕ್ಕ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ತಾವೇ ಒಳಗೆ ಹೋಗಿ ನೋಡಿಬಂದರು.

ಅಜ್ಜನ ಹತ್ತಿರ ಕೆಲಸ ಕಲಿಯುವವರು ಈಗ ಯಾರೂ ಇಲ್ಲ. ಬಿಡಿಭಾಗ ಅಂಚೆಯಲ್ಲಿ ಬರುತ್ತದೆ, ಆದರೆ ಕೆಂಪು ನಟ್ಟು ಕಪ್ಪಾಗುವವರೆಗೆ ಕಾಯುವ ತಾಳ್ಮೆ ಬರುವುದಿಲ್ಲ. ಮುಂದಿನ ಚಳಿಗಾಲಕ್ಕೆ ಶೆಡ್ ಮುಚ್ಚುವ ಯೋಚನೆಯಿದೆ ಎಂದರು. ಆ ಡಬ್ಬಿ ಯಾರಿಗೆ ಎಂದು ನಾನು ಕೇಳಲಿಲ್ಲ.

ಊರಿಗೆ ಮರಳಿದ ಮೇಲೂ ಅವರ ಒಂದು ಪಾಠವನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ನಿಮ್ಮಲ್ಲೂ ಹಳೆಯ ಜೀಪೋ ಕಾರೋ ಇದ್ದು, ಮುಂಜಾನೆ ಮಾತ್ರ ಸದ್ದು ಮಾಡುತ್ತಿದ್ದರೆ, ಎಂಜಿನ್ ಬಿಸಿಯಿರುವಾಗ ಗ್ಯಾರೇಜಿಗೆ ಒಯ್ದು ತೋರಿಸಬೇಡಿ. ಹಿಂದಿನ ರಾತ್ರಿಯೇ ಗಾಡಿ ಬಿಟ್ಟುಬನ್ನಿ. ಬೆಳಗಿನ ಮೊದಲ ಚಾಲೂ ಮೇಸ್ತ್ರಿಯ ಮುಂದೆಯೇ ಆಗಲಿ.